ಹೂ ಬಿಡದ ಕಡ್ಡಿ

ಮಾರ್ಚ್ ೧೬, ಭಾನುವಾರ

ಪ್ರೀತಿಯ ಗುಬ್ಬಿಗೆ,

ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಕಾಗದ ಓದು. ನಿನ್ನ ಪತ್ರವನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಚಹಾಕ್ಕೆ ನೀರಿಡುವಾಗ ಅದು ನನ್ನ ಮುಖ ನೋಡುತ್ತದೆ, ನಾನು ಅದರ ಮುಖ ನೋಡಿ "ಇವತ್ತು ಬರೆದೇಬಿಡ್ತೀನಿ ಮಾರಾಯ್ತಿ" ಅನ್ನುತ್ತೇನೆ. ನಿನ್ನೆ ಅತ್ತೆ, "ಆ ಹುಡುಗಿ ನಿನ್ನ ತಿಥಿ ಊಟ ತಪ್ಪಿಹೋಯ್ತು ಅಂದ್ಕೊಂಡಿರ್ತಾಳೆ, ಎರಡು ಸಾಲು ಗೀಚು" ಅಂದರು. ಇಗೋ, ಗೀಚುತ್ತಿದ್ದೇನೆ.

ಪಾಪುವಿಗೆ ಹಲ್ಲು ಬಂದ ಸುದ್ದಿಯನ್ನು ಬುಟ್ಟಿ ಹೆಣೆಯುವ ಶೆಡ್ಡಿನಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ನಿನ್ನಣ್ಣ, "ಸೋದರಮಾವನ ಮೂಗು ಕಚ್ಚೋಕೆ ಎರಡು ಹಲ್ಲು ಸಾಕು, ಕರ್ಕೊಂಡು ಬರೋಕೆ ಹೇಳು" ಅಂದರು. ಹಲ್ಲು ಬರುವಾಗ ಮಗು ರಚ್ಚೆ ಹಿಡಿಯುತ್ತದೆ, ನೀನು ಗಾಬರಿಯಾಗಬೇಡ. ನೀನೂ ಕಡಿಮೆ ರಂಪ ಮಾಡಿರಲಿಲ್ಲವಂತೆ. ಹಾಲುಹಲ್ಲು ಬಿದ್ದಾಗ ಮಾಡಿದ ರಂಪಕ್ಕಂತೂ ನಾನೇ ಸಾಕ್ಷಿ.

ಇನ್ನು ನೀನು ಕೇಳಿದ್ದಕ್ಕೆ ಬರುತ್ತೇನೆ. "ಶೆಡ್ಡು ಮುಚ್ತೀರಂತೆ, ನಿಜಾನಾ ಅತ್ತಿಗೆ?" ಎಂದು ಬರೆದಿದ್ದೀಯ. ಯಾರು ಹೇಳಿದರೋ ಅವರ ಬಾಯಿಗಿಷ್ಟು ಮಣ್ಣು ಹಾಕ. ಆದರೆ ಪೂರ್ತಿ ಸುಳ್ಳೂ ಅಲ್ಲ ಗುಬ್ಬಿ. ಆ ಪ್ರವಾಹ ಹೊಳೆದಂಡೆಯ ನಮ್ಮ ವಿಲೋ ಕಡ್ಡಿತೋಟವನ್ನು ಬೇರುಸಮೇತ ಗುಡಿಸಿಕೊಂಡು ಹೋಯಿತಲ್ಲ, ಒಂದು ಮೋಟೂ ಉಳಿಯಲಿಲ್ಲ. ನೀನು ಕಣ್ಣಾಮುಚ್ಚಾಲೆ ಆಡುತ್ತಿದ್ದ ಜಾಗದಲ್ಲಿ ಈಗ ಹೊಳೆಯೇ ಹರಿಯುತ್ತಿದೆ. ಅಟ್ಟದ ಮೇಲೆ ಒಣಗಿಸಿಟ್ಟಿದ್ದ ಹಳೆಯ ಕಟ್ಟುಗಳಲ್ಲಿ ಇಷ್ಟು ದಿನ ದೂಡಿದೆವು. ಅವೂ ಮುಗಿಯುತ್ತ ಬಂದಿವೆ. ಬೇರೆ ಕಡೆಯಿಂದ ವಿಲೋ ಕಡ್ಡಿ ಕೊಂಡು ತಂದೂ ನೋಡಿದೆವು. ಬುಟ್ಟಿಯ ತಳ ಹಾಕುವಾಗ ಸಾಧುವಾಗಿರುತ್ತವೆ, ಮೈ ಏರಿಸುವಾಗಲೂ ಸಾಧುವಾಗಿರುತ್ತವೆ, ಕೊನೆಗೆ ಅಂಚು ಮಡಿಸುವ ಹೊತ್ತಿಗೆ ಪಟಪಟ ಮುರಿಯುತ್ತವೆ. ಹೇಗೋ ಮುಗಿಸಿ ಕೊಟ್ಟ ಬುಟ್ಟಿಗಳನ್ನು ಬೇಕರಿಯವರು ವಾಪಸು ಕಳಿಸಿದರು. ಈ ಮನೆಗೆ ಬುಟ್ಟಿ ವಾಪಸು ಬಂದದ್ದು ಅದೇ ಮೊದಲು. ಅತ್ತೆ ಆವತ್ತು ಊಟ ಮಾಡಲಿಲ್ಲ.

ಅವರದು ಒಂದೇ ಮಾತು: "ಬರೋ ಚಳಿಗಾಲ ಕಳೆಯೋದ್ರೊಳಗೆ ನಮ್ಮ ಕಡ್ಡಿ ಸಿಕ್ಕರೆ ಸಿಕ್ತು, ಇಲ್ಲಾಂದ್ರೆ ಶೆಡ್ಡಿಗೆ ಬೀಗ. ಕಂಡಕಂಡ ಕಡ್ಡಿ ಹೆಣೆದು ಹೆಸರು ಕೆಡಿಸ್ಕೊಳ್ಳೋಕೆ ನನಗೇನು ಬಂದಿದೆ?" ಪ್ಲಾಸ್ಟಿಕ್ ಕ್ರೇಟಿನ ಗೋದಾಮಿನವರು ನಿನ್ನಣ್ಣನನ್ನು ಕೆಲಸಕ್ಕೆ ಕರೆದಿದ್ದಾರೆ. ಅವರು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಹೆಣೆಯುವ ಮಣೆಯ ಮೇಲೆ ಕೂತು ಖಾಲಿ ಕೈ ನೋಡಿಕೊಳ್ಳುತ್ತಾರೆ. ನನಗದು ನೋಡಲು ಆಗುವುದಿಲ್ಲ.

ಹಾಗಾಗಿ ಹುಡುಕಾಟ ಶುರು ಮಾಡಿದವಳು ನಾನು. ನಮ್ಮ ತೋಟದಿಂದ ಮುರಿದ ಒಂದಾದರೂ ಕಡ್ಡಿ ಯಾವ ಕಾಲದಲ್ಲೋ ತೇಲಿಹೋಗಿ ಕೆಳಗೆಲ್ಲೋ ಬೇರು ಬಿಟ್ಟಿರಲೇಬೇಕಲ್ಲ? ಈ ಜಾತಿಗೆ ಒದ್ದೆ ಮಣ್ಣು ಸಿಕ್ಕರೆ ಸಾಕು, ಮುರಿದು ಬಿದ್ದ ತುಂಡೂ ಮರವಾಗುತ್ತದೆ. ಹೋದ ವರ್ಷ ಚಳಿ ಮುಗಿಯುವಾಗ ದೋಣಿತಾತನನ್ನು ಕಾಡಿಸಿ ಹೊಳೆಯುದ್ದಕ್ಕೂ ಸುತ್ತಿದೆವು. ಈ ವರ್ಷವೂ ಸುತ್ತಿದೆವು. ವಿಲೋ ಇಲ್ಲವೆಂದಲ್ಲ, ದಂಡೆಯ ತುಂಬ ಅದೇ. ಆದರೆ ಪ್ರತಿ ಮರದ ಹತ್ತಿರವೂ ಅತ್ತೆಯದು ಒಂದೇ ತೀರ್ಪು: "ಹೂವಿದೆ, ನಡೀರಿ ಮುಂದೆ."

ನಿನಗೆ ಗೊತ್ತೇ ಇದೆಯಲ್ಲ ಆ ಮಂತ್ರ! "ನಮ್ಮದು ಹೂ ಬಿಡದ ಜಾತಿ. ಕಸುವೆಲ್ಲ ಕಡ್ಡಿಗೇ ಹೋಗತ್ತೆ, ಹೂವಿಗೆ ಪೋಲಾಗಲ್ಲ." ನೀನು ಶಾಲೆಯಿಂದ ಬಂದು ಗಿರಾಕಿಗಳ ಮುಂದೆ ಅದನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದೆ. ನಾವ್ಯಾರೂ ನಮ್ಮ ತೋಟದಲ್ಲಿ ಒಂದು ಹೂವನ್ನೂ ಕಂಡವರಲ್ಲ, ಅತ್ತೆಯ ಅತ್ತೆಯೂ ಕಂಡಿರಲಿಲ್ಲ. ಆದ್ದರಿಂದ ಹೂವಿದ್ದ ಮರ ನಮ್ಮದಲ್ಲ, ಮುಗಿಯಿತು ಕಥೆ.

ಈ ಮಧ್ಯೆ ಒಬ್ಬ ಗಿರಾಕಿ ಬಂದರು. ಕಾಲೇಜಿನಲ್ಲಿ ಗಿಡಮರದ ಪಾಠ ಮಾಡುತ್ತಾರೆ, ನಾವು ಅವರನ್ನು ಗಿಡದ ಮೇಡಂ ಎನ್ನುತ್ತೇವೆ. ಗುಂಡುಗುಂಡಗೆ, ಮಂಡಿಯವರೆಗೆ ರಬ್ಬರ್ ಬೂಟು, ನಕ್ಕರೆ ಶೆಡ್ಡಿನ ತಗಡು ಅದುರಬೇಕು. ಬುಟ್ಟಿ ಕೈಗೆತ್ತಿಕೊಂಡು, "ಇದು ಯಾವ ವಿಲೋ?" ಅಂದರು.

"ನಮ್ಮ ಕಡ್ಡಿ" ಅಂದರು ಅತ್ತೆ.

"ಅದಕ್ಕೊಂದು ಹೆಸರು ಇರಬೇಕಲ್ಲಮ್ಮ?"

"ಯಾಕಿರಬೇಕು? ಮನೆಯವರನ್ನ ಯಾರಾದ್ರೂ ಹೆಸರು ಹಿಡಿದು ಕರೀತಾರಾ?"

ಮೇಡಂ ನಕ್ಕ ನಗೆಗೆ ಅಟ್ಟದ ಇಲಿ ಓಡಿಹೋಯಿತು. ಆವತ್ತಿನಿಂದ ಅವರೂ ನಮ್ಮ ದೋಣಿ ಹತ್ತಿದರು. ದಾರಿಯುದ್ದಕ್ಕೂ ಪಾಠ. ಬೇರೆ ಮರದ ಮೊಗ್ಗಿಗೆ ಈರುಳ್ಳಿಯಂತೆ ಪದರ ಪದರ ಇರುತ್ತದಂತೆ, ವಿಲೋ ಮೊಗ್ಗಿಗೆ ಮಾತ್ರ ಒಂದೇ ಟೋಪಿ. ಅಷ್ಟು ನೋಡಿದರೆ ವಿಲೋ ಎಂದು ಗೊತ್ತಾಗುತ್ತದೆ. ಯಾವ ವಿಲೋ ಎನ್ನುವುದೇ ತಲೆನೋವಂತೆ, ಏಕೆಂದರೆ ಇವು ಒಂದಕ್ಕೊಂದು ಬೆರೆತು ಹೋಗುತ್ತವೆ. ಎಲೆ ನೋಡಬೇಕು, ಎಲೆಯ ಬೆನ್ನು ನೋಡಬೇಕು, ಹೂ ನೋಡಬೇಕು. "ನಿಮ್ಮದರ ಹೂ ಹೇಗಿತ್ತು ಹೇಳಿ" ಅಂದರು. ಅತ್ತೆ ಮಂತ್ರ ಹೇಳಿದರು.

ಮೇಡಂ ದೋಣಿಯಲ್ಲಿ ತಿರುಗಿ ಕೂತರು. "ಹೂ ಬಿಡದ ವಿಲೋ ಇರೋಕೆ ಸಾಧ್ಯ ಇಲ್ಲಮ್ಮ. ಹೋದ ವರ್ಷ ಬೆಳೆದ ಕೊಂಬೆ ಮೇಲೆ ಈ ವರ್ಷ ಹೂ ಬರತ್ತೆ. ನೀವು ಪ್ರತಿ ಚಳಿಗಾಲ ಬುಡದವರೆಗೂ ಕತ್ತರಿಸ್ತೀರಿ. ಹೂ ಎಲ್ಲಿ ಕೂತ್ಕೋಬೇಕು?"

"ನಾನು ತಲೆ ಹಣ್ಣಾಗೋವರೆಗೂ ನೋಡಿದೀನಿ. ನಮ್ಮದು ಹೂ ಬಿಡಲ್ಲ."

"ಒಂದಾದ್ರೂ ಗಿಡನ ಕತ್ತರಿಸದೆ ಬಿಟ್ಟು ನೋಡಿದೀರಾ?"

"ಬಿಟ್ಟು ನೋಡೋಕೆ ನಮಗೇನು ಹುಚ್ಚಾ? ಕೊರಡಾಗಿ ಹೋಗತ್ತೆ!"

ಅತ್ತೆ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ನಿನಗೆ ಹೊಸದೇನಲ್ಲ. ಆದರೆ ಮೇಡಂ ಮಾತು ನನ್ನ ತಲೆಯಲ್ಲೇ ಕೂತಿತು. ಯೋಚಿಸಿದರೆ ನಾವು ನಮ್ಮ ಗಿಡವನ್ನು ಮರವಾಗಿ ನೋಡಿಯೇ ಇಲ್ಲ ಗುಬ್ಬಿ. ಕಡ್ಡಿಯಾಗಿ ನೋಡಿದ್ದೇವೆ. ಎಲೆ ಎಂದರೆ ನಮಗೆ ಗುಡಿಸಿ ಹಾಕುವ ಕಸ.

ಊಟಕ್ಕೆ ಹೊಳೆ ತಿರುಗುವಲ್ಲಿ ದೋಣಿ ನಿಲ್ಲಿಸಿದೆವು. ಹೋದ ವರ್ಷವೂ ಅಲ್ಲೇ ಡಬ್ಬಿ ಬಿಚ್ಚಿದ್ದೆವು, ಅದೇ ಬಾಗಿದ ಮರದ ಕೆಳಗೆ. ಕೊಂಬೆಯ ತುಂಬ ಕಂಬಳಿಹುಳುವಿನಂಥ ಹಸಿರು ಹೂ, ಜೇನುಹುಳುಗಳ ಗುಂಯ್‌ಗುಡುವಿಕೆ. ಬ್ರೆಡ್ಡಿನ ಮೇಲೆ ಬಿದ್ದ ಹೂವನ್ನು ಅತ್ತೆ ಚಿವುಟಿ ಎಸೆಯುತ್ತ, "ಥೂ, ಊಟಕ್ಕೂ ಬಿಡಲ್ಲ" ಎಂದು ಗೊಣಗುತ್ತಿದ್ದರು. ನಾನು ಮಾತಾಡುತ್ತ ಮಾತಾಡುತ್ತ ಬುಡದಿಂದ ಎದ್ದಿದ್ದ ಒಂದು ಎಳೆ ಚಿಗುರುಕಡ್ಡಿ ಕಿತ್ತು, ಸುಮ್ಮನೆ, ಅಭ್ಯಾಸಬಲ, ಹೆಬ್ಬೆರಳಿಗೆ ಸುತ್ತಿದೆ. ಬಿಚ್ಚಿದೆ. ಮತ್ತೆ ಸುತ್ತಿದೆ. ಮುರಿಯಲಿಲ್ಲ. ಸುಕ್ಕೂ ಉಳಿಯಲಿಲ್ಲ. ಗುಬ್ಬಿ, ನನ್ನ ಕೈಗೆ ಮೊದಲು ಗೊತ್ತಾಯಿತು, ನನಗೆ ಆಮೇಲೆ ಗೊತ್ತಾಯಿತು.

"ರೀ" ಅಂದೆ. ನಿನ್ನಣ್ಣ ನನ್ನ ದನಿ ಕೇಳಿಯೇ ಮೊಟ್ಟೆ ಕೆಳಗಿಟ್ಟರು. ಅವರೂ ಒಂದು ಕಿತ್ತು ಸುತ್ತಿದರು. ಅವರ ಮುಖ ನೋಡಬೇಕಿತ್ತು ನೀನು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನಮ್ಮ ಕಥೆ. ಅವರು ಆ ಕಡ್ಡಿಯನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಬೆರಳಿಗೆ ಸುತ್ತಿದರು, ಬುಡ ಕಚ್ಚಿ ನೋಡಿದರು, ಉಗುಳಿದರು. ತಲೆಯೆತ್ತಿ ಹೂ ನೋಡಿದರು. "ಅಲ್ಲ" ಅಂದರು.

"ಅಮ್ಮಾ!" ಅಂದರು ನಿನ್ನಣ್ಣ.

"ಒಂದು ಎಳೆ ಕಡ್ಡಿ ಬಗ್ಗಿದ್ರೆ ನಮ್ಮದಾಗ್ಬಿಡತ್ತಾ? ಎಳೇದು ಎಲ್ಲಾನೂ ಬಗ್ಗತ್ತೆ. ಹೂ ಕಣ್ಣಿಗೆ ಹೊಡೀತಾ ಇದೆ, ಕಾಣಲ್ವಾ?"

ಅಲ್ಲೇ ಜಗಳ. ಕೊನೆಗೆ ರಾಜಿ ಮಾಡಿಸಿದ್ದು ಮೇಡಂ. "ಜಗಳ ಯಾಕೆ? ಅರ್ಧ ಮರ ನಿಮ್ಮ ರೀತಿ ಕತ್ತರಿಸಿ, ಅರ್ಧ ನನಗೆ ಬಿಡಿ. ಮುಂದಿನ ಚಳಿಗಾಲ ಮುಗಿಯೋವಾಗ ನಿಮ್ಮ ಕಡ್ಡಿ ನೀವು ನೋಡಿ, ನನ್ನ ಹೂ ನಾನು ನೋಡ್ತೀನಿ." ನಮ್ಮ ಮನೆಯಲ್ಲಿ ಮರ ಗುರುತಿಸಲು ಇದಕ್ಕಿಂತ ಬೇರೆ ದಾರಿ ಇಲ್ಲವೇ ಇಲ್ಲ: ಕತ್ತರಿಸಬೇಕು, ಕಾಯಬೇಕು, ಹೆಣೆದು ನೋಡಬೇಕು. ಹೊಳೆದಂಡೆ ನೋಡಿಕೊಳ್ಳುವ ಸರ್ಕಾರಿ ಕಚೇರಿಯಿಂದ ಮೇಡಂ ಒಪ್ಪಿಗೆ ತಂದರು. ಮೊನ್ನೆ ನಿನ್ನಣ್ಣ ಗರಗಸ ಹಿಡಿದು ನೀರಿನ ಕಡೆಯ ಅರ್ಧವನ್ನು ಮೋಟು ಮಾಡಿ ಬಂದರು. ಅತ್ತೆ ದೋಣಿಯಿಂದ ಇಳಿಯಲೇ ಇಲ್ಲ, ಮುಖ ಊದಿಸಿಕೊಂಡು ಕೂತಿದ್ದರು. ಆದರೆ "ಕೆಳಗೆ ಹಚ್ಚು, ಇನ್ನೂ ಕೆಳಗೆ, ಓರೆಯಾಗಿ ಕೊಯ್ಯೋ, ನೀರು ನಿಲ್ಲತ್ತೆ" ಎಂದು ಅಲ್ಲಿಂದಲೇ ಕೂಗುತ್ತಿದ್ದರು.

ಈಗ ಕಾಯುವುದು. ಇಷ್ಟು ಖುಷಿಯಾಗಿ ನಾನು ಯಾವತ್ತೂ ಕಾದಿಲ್ಲ. ಪಾಪುವಿನ ಒಸಡಿಗೆ ತಣ್ಣಗಿನ ಚಮಚ ಕೊಡು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಮೂವರೂ ನೂರ್ಕಾಲ ಸುಖವಾಗಿರಿ.

ನಿನ್ನ
ಅತ್ತಿಗೆ

ತಾ.ಕ.: ನಿನ್ನಣ್ಣ ಗೋದಾಮಿಗೆ ಹೋಗಿ ಕೆಲಸ ಒಪ್ಪಿಕೊಂಡು ಬಂದರು, ಕಡ್ಡಿ ಬರುವವರೆಗೆ ಎಂದು. "ಬರುವವರೆಗೆ" ಎಂದು ಗಟ್ಟಿಯಾಗಿ ಹೇಳಿದರು. "ಬರದಿದ್ದರೆ" ಎನ್ನುವುದನ್ನು ನಾವ್ಯಾರೂ ಹೇಳಲಿಲ್ಲ.


ಫೆಬ್ರವರಿ ೨೩

ಮುದ್ದಿನ ಗುಬ್ಬಿ,

"ಮರ ಏನಾಯ್ತು? ನೀವೆಲ್ಲ ಏನಾದ್ರಿ? ಒಂದು ಕಾಗದಕ್ಕೂ ಬರ ಬಂತಾ?" ಎಂದು ನೀನು ಬರೆದದ್ದನ್ನು ಓದಿ ನಾಚಿಕೆಯೂ ಆಯಿತು, ನಗುವೂ ಬಂತು. ನಡುವೆ ನಾನು ಕಳಿಸಿದ್ದು ಬರೀ ತುಂಡು ಕಾಗದಗಳು, ಎಲ್ಲರೂ ಕ್ಷೇಮ ಅಂತ. ಗೊತ್ತಿಲ್ಲದ್ದನ್ನು ಏನೆಂದು ಬರೆಯಲಿ? ಹೌದೆಂದು ಬರೆದು ಆಮೇಲೆ ಅಲ್ಲವಾದರೆ? ಅದಕ್ಕೇ ಬಾಯಿ ಬಿಗಿಹಿಡಿದಿದ್ದೆ. ನನ್ನಂಥವಳಿಗೆ ಅದೆಷ್ಟು ಕಷ್ಟ ಎಂದು ನಿನಗೆ ಗೊತ್ತು. ಇವತ್ತು ಕೂತು ಹೊಟ್ಟೆ ತುಂಬ ಬರೆಯುತ್ತೇನೆ. ಚಹಾ ಮಾಡಿಕೊಂಡು ಬಂದು ಓದು.

ಪಾಪು ಮನೆ ತುಂಬ ನಡೆದಾಡುತ್ತಿದ್ದಾಳೆ ಎಂದರೆ ಇನ್ನು ಮನೆಯಲ್ಲಿ ಯಾವ ವಸ್ತುವೂ ಇದ್ದಲ್ಲಿ ಇರುವುದಿಲ್ಲ. ನೀನು ಹೀಗೆ ನಡೆಯಲು ಕಲಿತಾಗ ಅತ್ತೆ ನಿನ್ನನ್ನು ಶೆಡ್ಡಿನಲ್ಲಿ ದೊಡ್ಡ ಲಾಂಡ್ರಿ ಬುಟ್ಟಿಯೊಳಗೆ ನಿಲ್ಲಿಸಿ ಕೆಲಸ ಮಾಡುತ್ತಿದ್ದರಂತೆ. ನಾನು ಈ ಮನೆಗೆ ಬರುವಾಗ ನೀನು ಲಂಗ ಎಳೆದುಕೊಂಡು ಓಡುವಷ್ಟಾಗಿದ್ದೆ, ಬುಟ್ಟಿಯಲ್ಲಿ ನಿಲ್ಲುತ್ತಿರಲಿಲ್ಲ. ನಿನ್ನ ಜಡೆ ಹೆಣೆದು ಹೆಣೆದೇ ನಾನು ಬುಟ್ಟಿ ಹೆಣೆಯುವುದು ಕಲಿತದ್ದು ಎಂದು ನಿನ್ನಣ್ಣ ಈಗಲೂ ಹಾಸ್ಯ ಮಾಡುತ್ತಾರೆ.

ಕಳೆದ ವರ್ಷ ಹೇಗೆ ಕಳೆಯಿತು ಹೇಳುತ್ತೇನೆ. ನಿನ್ನಣ್ಣ ಗೋದಾಮಿಗೆ ಹೋದರು. ಅಲ್ಲಿ ಕ್ರೇಟುಗಳು ಒಂದರ ಮೇಲೊಂದು ಕೂರುತ್ತವಂತೆ, ಇವರು ಗುಂಡಿ ಒತ್ತಿದರೆ ಆ ಸಾಲಿನ ಸುತ್ತ ಪ್ಲಾಸ್ಟಿಕ್ ಪಟ್ಟಿ ಬೀಳುತ್ತದಂತೆ. "ಕೆಲಸ ಸುಲಭ ಕಣೇ, ಕೈಗೇ ಕೆಲಸ ಇಲ್ಲ" ಎನ್ನುತ್ತಿದ್ದರು. ಸಂಜೆ ಬಂದು ಟವೆಲಿನ ಅಂಚಿನ ದಾರಗಳನ್ನು ಜಡೆ ಹಾಕುತ್ತ ಕೂರುತ್ತಿದ್ದರು. ಮನೆಯಲ್ಲಿ ಜಡೆ ಇಲ್ಲದ ಟವೆಲೇ ಉಳಿಯಲಿಲ್ಲ. ಅಟ್ಟದ ಕಟ್ಟುಗಳು ಬೇಸಿಗೆಯಲ್ಲೇ ಮುಗಿದವು. ಆಮೇಲೆ ಅತ್ತೆ ಏನು ಮಾಡಿದರು ಗೊತ್ತಾ? ಹಳೆಯ ಬುಟ್ಟಿ ಬಿಚ್ಚುವುದು, ಅದೇ ಕಡ್ಡಿ ನೆನೆಹಾಕಿ ಮತ್ತೆ ಹೆಣೆಯುವುದು. ಮಾರುವುದಕ್ಕಲ್ಲ. "ಕೈ ಮರೀಬಾರ್ದು ನೋಡು" ಅಂದರು. ನೋಡಲಾರದೆ ನಾನು ಅಡುಗೆಮನೆಗೆ ಹೋಗಿಬಿಟ್ಟೆ.

ಆದರೆ ನಗುವ ಸಂಗತಿಯೂ ಇದೆ. ನಾವು ಮರದ ಸುದ್ದಿ ಎತ್ತಿದರೆ "ಯಾವ ಮರ?" ಎನ್ನುತ್ತಿದ್ದ ನಿಮ್ಮಮ್ಮ ವಾರವಾರ ಕೈಚೀಲ ಹಿಡಿದು "ಕಣ್ಣಿನ ಡಾಕ್ಟರ ಹತ್ರ" ಹೋಗಿಬರುತ್ತಿದ್ದರು. ಮಳೆ ನಿಂತ ಒಂದು ದಿನ ದೋಣಿತಾತ ಎದುರು ಸಿಕ್ಕಿ, "ನಿಮ್ಮತ್ತೆ ಭಾರಿ ಗಟ್ಟಿ ಕಣಮ್ಮ, ಈ ವಯಸ್ಸಲ್ಲೂ ವಾರ ತಪ್ಪಿಸದೆ ಆ ಮರದ ಮೋಟುಗಳಲ್ಲಿ ಕಳೆ ಕೀಳ್ತಾರಲ್ಲ!" ಅಂದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅತ್ತೆಗೆ ಮಾತ್ರ ನಮಗೆ ಗೊತ್ತೆಂದು ಹೇಳಲಿಲ್ಲ. "ಕಣ್ಣು ಹೇಗಿದೆ ಅತ್ತೆ?" ಎಂದರೆ, "ಪರವಾಗಿಲ್ಲ, ಚೆನ್ನಾಗಿ ಬೆಳೀತಾ ಇದೆ" ಎಂದುಬಿಟ್ಟರು ಒಂದು ದಿನ. ನಿನ್ನಣ್ಣನಿಗೆ ಚಹಾ ನೆತ್ತಿಗೇರಿತು.

ಎಲೆ ತುಂಬಿದಾಗ ಮೇಡಂ ಹೋಗಿ ನೋಡಿ ಬಂದರು. ಉದ್ದನೆಯ ಕಿರಿದಾದ ಎಲೆ, ಅಂಚು ಒಳಕ್ಕೆ ಮಡಿಸಿದೆ, ಬೆನ್ನು ಮುಟ್ಟಿದರೆ ರೇಷ್ಮೆ, ಬೆಳ್ಳಿಯ ಬಣ್ಣ. ಕತ್ತರಿಸಿದ ಕಡೆಯ ಎಲೆ ಗೇಣುದ್ದ, ಬಿಟ್ಟ ಕಡೆಯದು ಅದರರ್ಧ. ಒಂದೇ ಮರ, ಎರಡು ಅವತಾರ. "ಹಾಗಾದ್ರೆ ಇದು ಯಾವುದು ಮೇಡಂ?" ಎಂದರೆ, "ಹೂವನ್ನ ಇನ್ನೊಂದು ಸಲ ಬಿಡಿಸಿ ನೋಡೋವರೆಗೂ ಬಾಯಿ ಬಿಡಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಅವರೂ ಅತ್ತೆಯೂ ಒಂದೇ ಜಾತಿ ಎಂದು ನನಗಾಗ ಖಾತ್ರಿಯಾಯಿತು.

ಮೊನ್ನೆ ಗುರುವಾರ ಹೋದೆವು. ನಿನ್ನಣ್ಣ ಗೋದಾಮಿಗೆ ರಜೆ ಹಾಕಿದರು. ಬಿಸಿಲಿತ್ತು, ಆದರೆ ಮೂಗು ಕಡಿಯುವ ಚಳಿ. ಅತ್ತೆ ಹಿಂದಿನ ದಿನವೇ ಕುಡುಗೋಲು ಮಸೆದಿಟ್ಟಿದ್ದರು. ಹೊಳೆ ತಿರುಗುವಲ್ಲಿ ಮೇಡಂ ಮೊದಲು ನೋಡಿ, "ಅಯ್ಯೋ ನೋಡ್ರೀ, ನೋಡ್ರೀ!" ಎಂದು ದೋಣಿಯಲ್ಲಿ ಎದ್ದು ನಿಂತು, ದೋಣಿ ಓಲಾಡಿ, ಎಲ್ಲರೂ ಅವರ ಬೂಟು ಹಿಡಿದುಕೊಂಡೆವು.

ದಂಡೆಯ ಕಡೆಯ ಅರ್ಧ ಮರದಲ್ಲಿ ಎಲೆ ಇನ್ನೂ ಇಲ್ಲ, ಬರೀ ಹೂ, ಕೊಂಬೆಯುದ್ದಕ್ಕೂ. ನೀರಿನ ಕಡೆಯ ಅರ್ಧದಲ್ಲಿ ಒಂದೂ ಹೂವಿಲ್ಲ. ಮೋಟುಗಳಿಂದ ಎದ್ದ ಕಡ್ಡಿಗಳು ಆಳೆತ್ತರ ಮೀರಿ ನೆಟ್ಟಗೆ ನಿಂತಿದ್ದವು, ಕವಲಿಲ್ಲ, ಗಂಟಿಲ್ಲ. ಬಿಸಿಲಿಗೆ ಬಿದ್ದ ಮಗ್ಗುಲು ಜೇನಿನ ಬಣ್ಣ, ನೆರಳಿನ ಮಗ್ಗುಲು ಹಸಿರು. ಆ ಎರಡು ಬಣ್ಣ ನೋಡಿದ ತಕ್ಷಣ ನಾನು ನಿನ್ನಣ್ಣನ ತೋಳು ಹಿಡಿದು ಜಗ್ಗಿದೆ. ನೀನಾದರೂ ಗುರುತು ಹಿಡಿಯುತ್ತಿದ್ದೆ ಗುಬ್ಬಿ.

ಆದರೆ ತೀರ್ಪು ಅತ್ತೆಯದು. ಅವರು ಇಳಿದರು. ಒಂದು ಕಡ್ಡಿ ಕೊಯ್ದರು. ಬುಡದಿಂದ ತುದಿಯವರೆಗೆ ಅಂಗೈಯಲ್ಲಿ ಎಳೆದರು. ಕಚ್ಚಿದರು. ಕಹಿ ಜಾಸ್ತಿಯಿದ್ದರೆ ಬೇರೆ ಜಾತಿ, ನಮ್ಮದಕ್ಕೆ ಸ್ವಲ್ಪವೇ ಕಹಿ, ನಿನಗೆ ನೆನಪಿರಬೇಕು. ಹೆಬ್ಬೆರಳಿಗೆ ಸುತ್ತಿದರು. ನಿನ್ನಣ್ಣ ತಡೆಯಲಾರದೆ, "ಏನಮ್ಮ?" ಅಂದರು. "ಸುಮ್ನಿರೋ" ಎಂದು ಅಲ್ಲೇ ಕಲ್ಲಿನ ಮೇಲೆ ಕೂತು ಹಸಿ ಕಡ್ಡಿಯಲ್ಲೇ ತಳ ಹಾಕಲು ಶುರು ಮಾಡಿದರು. ನಾನು ಕೊಯ್ದು ಕೊಟ್ಟೆ, ಅವರು ಹೆಣೆದರು. ಅಂಗೈಯಗಲದ ಬುಟ್ಟಿ. ಮೇಡಂ ತಮ್ಮ ಹೂವನ್ನು ಬಿಟ್ಟು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ದೋಣಿತಾತ ಬೀಡಿ ಹಚ್ಚುವುದನ್ನೇ ಮರೆತ. ಅತ್ತೆ ಅಂಚಿಗೆ ಬಂದರು. ಮೊದಲ ಕಡ್ಡಿ ಮಡಿಸಿದರು, ಎರಡನೆಯದರ ಹಿಂದೆ ತಂದು ಒಳಗೆ ಸಿಕ್ಕಿಸಿದರು. ಎರಡನೆಯದು. ಮೂರನೆಯದು. ನಾನು ಪ್ರತಿ ಮಡಿಕೆಗೂ ಪಟ್ ಎನ್ನುತ್ತದೇನೋ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಸುತ್ತು ಪೂರ್ತಿಯಾಯಿತು. ಒಂದೂ ಮುರಿಯಲಿಲ್ಲ. ಅತ್ತೆ ಬುಟ್ಟಿಯನ್ನು ನೆಲದ ಮೇಲಿಟ್ಟು ಅದರ ಮೇಲೆ ಅಂಗೈ ಊರಿ ಎದ್ದು ನಿಂತರು.

"ನಮ್ಮದು" ಅಂದರು.

ನಿನ್ನಣ್ಣ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು ಕಣೇ, ಎಲ್ಲರ ಮುಂದೆ, ಈ ವಯಸ್ಸಿನಲ್ಲಿ! ಸೊಂಟ ಹಿಡಿದುಕೊಂಡು ಎರಡು ದಿನ ಒದ್ದಾಡಿದ್ದು ಬೇರೆ ಮಾತು. ದೋಣಿತಾತ ಟೋಪಿ ಮೇಲಕ್ಕೆಸೆದ, ಅದು ಹೊಳೆಗೆ ಬಿತ್ತು.

ಮೇಡಂ ಕಾಯುತ್ತಿದ್ದರು. "ಈಗ ಈ ಕಡೆ ಬನ್ನಿ ಅಮ್ಮ" ಎಂದು ಅತ್ತೆಯ ಕೈ ಹಿಡಿದು ಮರದ ಇನ್ನೊಂದು ಮಗ್ಗುಲಿಗೆ ಕರೆದೊಯ್ದರು. ಅತ್ತೆ ಬಹಳ ಹೊತ್ತು ನೋಡಿದರು. ಬುಡ ಒಂದೇ, ಅಲ್ಲಿ ವಾದಕ್ಕೆ ಜಾಗವಿಲ್ಲ. ಒಂದು ಹೂತೆನೆಯನ್ನು ಬೆರಳ ಮೇಲೆ ಇಟ್ಟುಕೊಂಡರು. "ಅಂದ್ರೆ ನಾವೇ ಬಿಡಲಿಲ್ಲ ಇದನ್ನ" ಅಂದರು. "ವರ್ಷ ವರ್ಷ ಕುಡುಗೋಲು ಹಿಡ್ಕೊಂಡು ಹೋಗಿ, ಹೂ ಬಿಡಲ್ಲ ಇದು ಅಂತ ಊರಿಗೆಲ್ಲ ಹೇಳಿದ್ವಲ್ಲೋ. ಇದಕ್ಕೆ ಬಾಯಿದ್ದಿದ್ರೆ ನಮಗೆ ಏನಂತ ಬೈತಿತ್ತೋ!"

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ. ನಮ್ಮಮ್ಮ ಈ ವಯಸ್ಸಲ್ಲಿ ಬಗ್ಗಿದಳು ನೋಡು" ಅಂದರು ನಿನ್ನಣ್ಣ. ಬೆನ್ನಿಗೊಂದು ಗುದ್ದು ಬಿತ್ತು.

ಮೇಡಂ ಹೂವನ್ನು ಬಿಡಿಸಿ, ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡುತ್ತಲೇ ಇದ್ದರು. ಆಮೇಲೆ ಹೆಸರು ಹೇಳಿದರು. ಪುಸ್ತಕದಲ್ಲಿ ಇದಕ್ಕೆ ಬುಟ್ಟಿ ವಿಲೋ ಎಂದೇ ಹೆಸರಂತೆ! "ಇಷ್ಟು ಹೇಳೋಕೆ ಒಂದು ವರ್ಷ ಬೇಕಾಯ್ತಾ ನಿಮಗೆ?" ಎಂದು ಅತ್ತೆ, "ನಿಮಗೆ ಒಪ್ಕೊಳ್ಳೋಕೂ ಅಷ್ಟೇ ಬೇಕಾಯ್ತಲ್ಲ" ಎಂದು ಮೇಡಂ. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು. ವಿಲೋದಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆಯಂತೆ; ಇದು ಹೆಣ್ಣು. ಗಂಡು ಎಲ್ಲೋ ಮೇಲುಹೊಳೆಯಲ್ಲಿರಬೇಕು, ಜೇನುಹುಳು ಅಷ್ಟು ದೂರ ಓಡಾಡುತ್ತದೆ, ಬೇಸಿಗೆ ಹೊತ್ತಿಗೆ ಈ ಹೂವೆಲ್ಲ ಒಡೆದು ಹತ್ತಿಯಂತೆ ಬೀಜ ಹಾರುತ್ತದೆ ಎಂದರು. ಅತ್ತೆಗೆ ಹಿಡಿಸಲಾರದ ಹಿಗ್ಗು. "ಹಂಗಾದ್ರೆ ನಮ್ಮ ಕಡ್ಡಿಗೂ ಮಕ್ಕಳುಮರಿ ಉಂಟು ಅನ್ನಿ! ಹೊಳೆ ತುಂಬ ಮೊಮ್ಮಕ್ಕಳು!" ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದೆವು.

ನಿನ್ನಣ್ಣ ಶುಕ್ರವಾರವೇ ಗೋದಾಮಿಗೆ ಹೋಗಿ ಕೈಮುಗಿದು ಬಂದರು. ಕೊಯ್ದ ಕಡ್ಡಿಯ ಮೇಲ್ಭಾಗವೆಲ್ಲ ಶೆಡ್ಡಿನ ತೊಟ್ಟಿಯಲ್ಲಿ ನೆನೆಯುತ್ತಿದೆ. ಮೊದಲ ವರ್ಷದ್ದು, ಸ್ವಲ್ಪ ದಪ್ಪ, ಆದರೂ ಬೇಕರಿಯ ಬುಟ್ಟಿಗಳಿಗೆ ಸಾಕು. ದಪ್ಪ ಬುಡಗಳನ್ನು ತುಂಡು ಮಾಡಿ ಈ ಸಲ ಹೊಳೆಯಿಂದ ದೂರ, ದಿಣ್ಣೆಯ ಕೆಳಗಿನ ಜೌಗಿನಲ್ಲಿ ಚುಚ್ಚಿದ್ದೇವೆ. ಬೆನ್ನು ಬಿದ್ದುಹೋಗಿದೆ, ಬೆರಳು ಸೀಳಿದೆ, ಮೈಯೆಲ್ಲ ಕೆಸರು. ಶೆಡ್ಡಿನೊಳಗೆ ಕಾಲಿಟ್ಟರೆ ಮತ್ತೆ ಆ ಹಸಿ ಸಿಪ್ಪೆಯ ವಾಸನೆ. ಅದನ್ನು ಮೂಗಿನ ತುಂಬ ಎಳೆದುಕೊಂಡು ನಾನು ಇದನ್ನು ಬರೆಯುತ್ತಿದ್ದೇನೆ. ಒಂದು ಸಾಲಿನ ತುದಿಯ ಗಿಡವನ್ನು ಕತ್ತರಿಸದೆ ಬಿಡಬೇಕೆಂದು ಅತ್ತೆಯೇ ಕೋಲು ನೆಟ್ಟು ಗುರುತು ಮಾಡಿದ್ದಾರೆ.

ಎಳೆ ಬಿಸಿಲಿನ ಕಾಲಕ್ಕೆ ಪಾಪುವನ್ನು ಕರೆದುಕೊಂಡು ಬಾ. ಅವಳು ನಿಲ್ಲುವುದಕ್ಕೆ ಬುಟ್ಟಿ ಹೆಣೆದಿಟ್ಟಿರುತ್ತೇನೆ. ನಿನ್ನ ಯಜಮಾನರಿಗೆ ನಮ್ಮೆಲ್ಲರ ನೆನಪು ಹೇಳು. ನಿನ್ನ ಮನೆ ನಗುನಗುತ್ತಿರಲಿ, ಮಗಳು ನಿನಗಿಂತ ಕಡಿಮೆ ಹಠಮಾರಿಯಾಗಲಿ, ನಿನ್ನ ಕೈ ಯಾವತ್ತೂ ಖಾಲಿ ಕೂರದಿರಲಿ.

ನಿನ್ನನ್ನು ನೋಡಲು ಕಾಯುತ್ತಿರುವ
ಅತ್ತಿಗೆ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಒಂದು ಮಾತು ನಿನಗಲ್ಲದೆ ಇನ್ಯಾರಿಗೂ ಹೇಳುವಂತಿಲ್ಲ. ನಾನು ಮದುವೆಯಾಗಿ ಬಂದು ವರ್ಷಗಳಾದರೂ ಮಕ್ಕಳಾಗಲಿಲ್ಲವಲ್ಲ, ಒಮ್ಮೆ ಮನೆಗೆ ಬಂದ ನೆಂಟರು ಊಟಕ್ಕೆ ಕೂತಾಗಲೇ ನನ್ನೆದುರು ಆ ಮಾತೆತ್ತಿದರು. ನೀನು ಚಿಕ್ಕವಳು, ಆಟಕ್ಕೆ ಹೋಗಿದ್ದೆ. ಅತ್ತೆ ಬಡಿಸುವ ಸೌಟು ಕೆಳಗಿಟ್ಟು ಅಂದರು: "ನಮ್ಮನ್ನ ಸಾಕ್ತಿರೋದೇ ಹೂ ಬಿಡದ ಕಡ್ಡಿ. ಈ ಮನೆಗೆ ಅಂಥವೇ ಆಗಿಬರೋದು. ಇವಳ ತಂಟೆಗೆ ಬಂದ್ರೆ ನನ್ನ ಹೊಸ್ತಿಲು ತುಳೀಬೇಡಿ." ಆಮೇಲೆ ಯಾರೂ ಮತ್ತೆ ಕೇಳಲಿಲ್ಲ. ನಾನು ಇಷ್ಟು ವರ್ಷ ಆ ಒಂದು ಮಾತಿನ ಮೇಲೆ ಬದುಕಿದೆ ಗುಬ್ಬಿ. ಚಳಿಗಾಲದಲ್ಲಿ ಕಡ್ಡಿ ಕೊಯ್ಯುವಾಗ, ನೀನೂ ಹೀಗೆ, ನಾನೂ ಹೀಗೆ, ಈ ಮನೆಯನ್ನು ನಡೆಸುವವರು ನಾವಿಬ್ಬರೇ ಎಂದು ಅವಳಿಗೆ, ಆ ಗಿಡಕ್ಕೆ, ಮನಸ್ಸಿನಲ್ಲೇ ಹೇಳುತ್ತಿದ್ದೆ. ಮೊನ್ನೆ ಅವಳು ಹೂ ಬಿಟ್ಟಿದ್ದಳು. ನಾನು ತಟ್ಟಿದ ಚಪ್ಪಾಳೆ ಸುಳ್ಳಲ್ಲ, ನಿಜವಾಗಿ ಸಂತೋಷವಾಗಿತ್ತು. ಆದರೆ ವಾಪಸು ಬರುವಾಗ ದೋಣಿಯಲ್ಲಿ, ಎಲ್ಲರ ನಡುವೆ ಕೂತು, ನಾನೊಬ್ಬಳೇ ಉಳಿದೆ ಅನ್ನಿಸಿತು. ಅತ್ತೆಗೆ ಇದನ್ನು ಬರೆಯಬೇಡ. ಅವರಿಗೆ ಆ ಮಾತು ನೆನಪಿಲ್ಲ. ನೆನಪಾದರೆ ಹೊಸ ಕಡ್ಡಿ ಮುಟ್ಟುವುದನ್ನೇ ಬಿಟ್ಟಾರು.